ಸೇನೆಯ ಬೇಲಿಯೊಳಗಿನ ಶಾಸನ, ವೀರಗಲ್ಲುಗಳಿಗೆ ಒಂದು ಪಟ್ಟಿ ಬೇಕು: ರಕ್ಷಣಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ಹಾಗೂ ಭೂಸೇನೆಯ ಮುಖ್ಯಸ್ಥರಿಗೆ,

ಬೆಳಗಾವಿಯಿಂದ ನಮಸ್ಕಾರಗಳು.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ದೇಶದ ಉದ್ದಗಲಕ್ಕೂ ಸೇನೆಯ ವಶದಲ್ಲಿರುವ ತರಬೇತಿ ಮೈದಾನ, ಫೈರಿಂಗ್ ರೇಂಜ್, ಕೋಟೆ, ದಂಡು ಪ್ರದೇಶಗಳ ಒಳಗೆ ಎಷ್ಟು ಶಾಸನಗಳಿವೆ, ಎಷ್ಟು ವೀರಗಲ್ಲುಗಳಿವೆ, ಹಾಳುಗುಡಿ, ಹಳೆಯ ಕೆರೆ, ಗೋರಿ, ಬೃಹತ್ ಶಿಲಾಯುಗದ ಸಮಾಧಿಗಳು ಎಲ್ಲೆಲ್ಲಿವೆ ಎಂಬುದರ ಪಟ್ಟಿಯೊಂದನ್ನು ಮಾಡಿಸಿ. ಮಾಡಿಸಿದ ಪಟ್ಟಿ ಕಡತದಲ್ಲಿ ಮಲಗದಿರಲಿ. ತರಬೇತಿ ನಡೆಸುವ ಅಧಿಕಾರಿಯ ಕೈಯಲ್ಲಿರುವ ನಕ್ಷೆಯ ಮೇಲೆ ಅದು ಬರಲಿ. ಗುಟ್ಟಾಗಿಡಲೇಬೇಕಾದದ್ದನ್ನು ಬಿಟ್ಟು ಉಳಿದದ್ದನ್ನು ಜನರಿಗೂ ತಿಳಿಸಿ. ನನ್ನ ಬೇಡಿಕೆ ಇಷ್ಟೇ. ಮುಂದೆ ಬರೆಯುವುದೆಲ್ಲ ಇದನ್ನು ಏಕೆ ಕೇಳುತ್ತಿದ್ದೇನೆ ಎಂಬುದರ ವಿವರಣೆ.

ಇದು ಆಗದ ಹೋಗದ ಮಾತು ಎಂದು ಯಾರೂ ಹೇಳುವಂತಿಲ್ಲ. ಅರ್ಧ ಕೆಲಸವನ್ನು ನಿಮ್ಮ ಸಚಿವಾಲಯವೇ ಮಾಡಿ ಮುಗಿಸಿದೆ. 2018ರ ಅಕ್ಟೋಬರ್‌ನಲ್ಲಿ ಆರಂಭವಾದ ರಕ್ಷಣಾ ಭೂಮಿಯ ಸರ್ವೆ 2022ರ ಜನವರಿಯಲ್ಲಿ ಮುಗಿಯಿತು. ಒಟ್ಟು 17.78 ಲಕ್ಷ ಎಕರೆ. ಅದರಲ್ಲಿ ಕಂಟೋನ್ಮೆಂಟುಗಳ ಒಳಗಿರುವುದು ಸುಮಾರು 1.61 ಲಕ್ಷ ಎಕರೆ. ಉಳಿದ 16 ಲಕ್ಷಕ್ಕೂ ಹೆಚ್ಚು ಎಕರೆ ಹೊರಗೆ ಚದುರಿಕೊಂಡಿದೆ. ಸ್ವಾತಂತ್ರ್ಯ ಬಂದ ಮೇಲೆ ಆಧುನಿಕ ಉಪಕರಣಗಳಿಂದ ಇಡೀ ಭೂಮಿಯನ್ನು ಅಳೆದದ್ದು ಇದೇ ಮೊದಲು. ರಾಜಸ್ಥಾನದ ಲಕ್ಷಾಂತರ ಎಕರೆಗಳನ್ನು ಡ್ರೋನ್ ಹಾರಿಸಿ ಅಳೆದರು, ಉಪಗ್ರಹ ಚಿತ್ರಗಳನ್ನು ಬಳಸಿದರು. ಗಡಿಕಲ್ಲುಗಳಿಗೆಲ್ಲ ಈಗ ಅಕ್ಷಾಂಶ, ರೇಖಾಂಶಗಳಿವೆ. ಒತ್ತುವರಿ ತಡೆಯುವುದಕ್ಕಾಗಿ ಮಾಡಿದ ಆ ಸರ್ವೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಗಡಿಕಲ್ಲನ್ನು ಇಷ್ಟು ಕಾಳಜಿಯಿಂದ ಗುರುತಿಸಿದವರಿಗೆ ಗಡಿಯೊಳಗಿನ ಹಳೆಯ ಕಲ್ಲನ್ನು ಗುರುತಿಸುವುದು ಕಷ್ಟವೇ?

ನಮ್ಮ ಊರಿನಿಂದಲೇ ಶುರು ಮಾಡುತ್ತೇನೆ. ಬೆಳಗಾವಿಗೂ ಸೈನ್ಯಕ್ಕೂ ಇರುವ ನಂಟು ಹಳೆಯದು. ಮರಾಠಾ ಲಘು ಪದಾತಿದಳದ ಕೇಂದ್ರ ಇಲ್ಲಿದೆ. ಊರಿನ ಹುಡುಗರು ಸೇನೆಗೆ ಸೇರುವುದು ಇಲ್ಲಿ ಮನೆಮನೆಯ ಕಥೆ. ಬೆಳಗಿನ ಜಾವ ಕ್ಯಾಂಪಿನ ರಸ್ತೆಗಳಲ್ಲಿ ತರಬೇತಿಯ ಹುಡುಗರು ಸಾಲಾಗಿ ಓಡುವುದನ್ನು ನೋಡುತ್ತ ಬೆಳೆದವರು ನಾವು. ಊರಿನ ಪೂರ್ವಕ್ಕೆ, ಆಳವಾದ ಕಂದಕದ ಆಚೆ, ಕೋಟೆ ಇದೆ. ಅದರೊಳಗಿನ ದೊಡ್ಡ ಭಾಗ ಸೇನೆಯ ವಶದಲ್ಲಿದೆ. ಅದೇ ಕೋಟೆಯೊಳಗೆ ಕಮಲ ಬಸದಿಯಿದೆ.

1204ರಲ್ಲಿ ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ಬಸದಿ ಅದು. ಒಳಗೆ ನೇಮಿನಾಥನ ಕಪ್ಪು ಶಿಲೆಯ ಮೂರ್ತಿ. ಮುಖಮಂಟಪದ ನಡುವೆ ನಿಂತು ಕತ್ತೆತ್ತಿದರೆ ಛಾವಣಿಯಿಂದ ಕಲ್ಲಿನ ತಾವರೆಯೊಂದು ಕೆಳಮುಖವಾಗಿ ಅರಳಿ ತೂಗುತ್ತಿರುತ್ತದೆ. ಅದಕ್ಕೆ ಎಪ್ಪತ್ತೆರಡು ಎಸಳುಗಳು: ಹಿಂದಿನ, ಇಂದಿನ, ಮುಂದಿನ ಮೂರೂ ಕಾಲದ ಇಪ್ಪತ್ನಾಲ್ಕು ತೀರ್ಥಂಕರರ ಲೆಕ್ಕ. ಕಂಬಗಳನ್ನು ಎಷ್ಟು ನುಣುಪಾಗಿ ತಿರುವಿ ಉಜ್ಜಿದ್ದಾರೆಂದರೆ, ಬಾಗಿಲಿನಿಂದ ಬರುವ ಬೆಳಕು ಅವುಗಳ ಮೈಮೇಲೆ ಉದ್ದನೆಯ ಗೆರೆಯಾಗಿ ನಿಲ್ಲುತ್ತದೆ. ನಾವು ಸರಿದಂತೆ ಆ ಗೆರೆಯೂ ಸರಿಯುತ್ತದೆ. ಈ ಬಸದಿಗೆ ಕಾರ್ತವೀರ್ಯ ಕೊಟ್ಟ ದಾನಗಳನ್ನು ಹೇಳುವ ಎರಡು ಶಾಸನಗಳಿವೆ. ಅವು ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗುಡಿ ಇಲ್ಲಿ, ಗುಡಿಯ ದಾಖಲೆ ಅಲ್ಲಿ. ಕೋಟೆಯೊಳಗೆ ಆದಿಲಶಾಹಿ ಕಾಲದ ಸಫಾ ಮಸೀದಿಯೂ ಇದೆ. ಅದರ ಎರಡು ಕಂಬಗಳ ಮೇಲೆ ರಟ್ಟರ ಮತ್ತು ಸೇವುಣರ (ದೇವಗಿರಿಯ ಯಾದವರ) ಕಾಲದ ಶಾಸನಗಳಿವೆ. ಆ ಕಂಬಗಳನ್ನು ನೋಡಿದವರಿಗೆ ಈ ನಾಡಿನ ಚರಿತ್ರೆ ಎಷ್ಟು ಹೆಣೆದುಕೊಂಡಿದೆ ಎಂದು ಬೇರೆ ಹೇಳಬೇಕಾಗಿಲ್ಲ. ರಟ್ಟರು, ಸೇವುಣರು, ವಿಜಯನಗರದವರು, ವಿಜಯಪುರದವರು, ಮರಾಠರು, 1818ರಲ್ಲಿ ಮುತ್ತಿಗೆ ಹಾಕಿ ಗೆದ್ದ ಬ್ರಿಟಿಷ್ ಅಧಿಕಾರಿ ಮನ್ರೋನ ಪಡೆ, ಇಂದು ಭಾರತದ ಸೇನೆ. ಒಂದೇ ನೆಲದ ಮೇಲೆ ಒಬ್ಬರಾದ ಮೇಲೆ ಒಬ್ಬರು ಪಹರೆ ನಿಂತಿದ್ದಾರೆ.

ಕಮಲ ಬಸದಿಗೆ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಅದರ ಬಗ್ಗೆ ನನಗೆ ಚಿಂತೆ ಕಡಿಮೆ. ನನ್ನ ಚಿಂತೆಯೆಲ್ಲ ಫಲಕವಿಲ್ಲದ ಕಲ್ಲುಗಳ ಬಗ್ಗೆ. ಎಂಟುನೂರು ವರ್ಷಗಳಿಂದ ಜನ ಬಾಳಿದ, ಕಾದಾಡಿದ, ಕಟ್ಟಿದ, ಕೆಡವಿದ ನೆಲದಲ್ಲಿ ಅಂಥವೇ ಹೆಚ್ಚು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು ಇಡೀ ದೇಶದಲ್ಲಿ ನಾಲ್ಕು ಸಾವಿರವೂ ಇಲ್ಲ. ಕನ್ನಡನಾಡಿನ ಯಾವ ಹೋಬಳಿಗೆ ಹೋದರೂ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹನುಮಂತನ ಗುಡಿಯ ಹಿಂದೆ ಒಂದಾದರೂ ಕೆತ್ತಿದ ಕಲ್ಲು ಸಿಗುತ್ತದೆ. ಊರ ನಡುವೆ ಇರುವ ಕಲ್ಲನ್ನು ಯಾರಾದರೂ ಒಬ್ಬ ಮೇಷ್ಟ್ರು, ಒಬ್ಬ ಪೂಜಾರಿ, ಒಬ್ಬ ಸಂಶೋಧಕ ನೋಡುತ್ತಾನೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಬೇಲಿಯ ಒಳಗಿನ ಕಲ್ಲನ್ನು ನೋಡುವವರು ನಿಮ್ಮ ಸೈನಿಕರು ಮಾತ್ರ. ನೋಡಿದ್ದು ಏನು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ವೀರಗಲ್ಲಿನ ವಿಷಯವನ್ನು ನಿಮಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ನಿಮ್ಮ ವೃತ್ತಿಬಾಂಧವರ ಕಲ್ಲು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ: ಒಬ್ಬ ಕತ್ತಿ ಎತ್ತಿದ್ದಾನೆ, ಇನ್ನೊಬ್ಬ ಬಿಲ್ಲು ಎಳೆದಿದ್ದಾನೆ, ಕಾಲಡಿಯಲ್ಲಿ ಹೆಣ ಬಿದ್ದಿದೆ, ತುರುಗೊಳ್, ಅಂದರೆ ದನಗಳಿಗಾಗಿ ನಡೆದ ಕಾದಾಟ, ಆಗಿದ್ದರೆ ಪಕ್ಕದಲ್ಲಿ ದನಗಳ ಮಂದೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಅಥವಾ ಜಿನನ ಮುಂದೆ ಕೈಮುಗಿದು ಕುಳಿತಿದ್ದಾನೆ. ಅನೇಕ ಕಲ್ಲುಗಳ ಮೇಲೆ ಈ ಶ್ಲೋಕವಿರುತ್ತದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದವನಿಗೆ ಲಕ್ಷ್ಮಿ, ಮಡಿದವನಿಗೆ ದೇವಾಂಗನೆ. ಕ್ಷಣದಲ್ಲಿ ಅಳಿಯುವ ಈ ಮೈ ರಣದಲ್ಲಿ ಬಿದ್ದರೆ ಚಿಂತೆ ಏನು ಎಂಬುದು ಅದರ ಅರ್ಥ. ಇಂದಿನ ಯುದ್ಧಸ್ಮಾರಕಗಳ ಮುಂದೆ ನಿಮ್ಮವರು ಹೂವಿನ ಚಕ್ರವಿಟ್ಟು ತಲೆಬಾಗುವುದು ಯಾವ ಭಾವದಿಂದಲೋ, ಸಾವಿರ ವರ್ಷಗಳ ಹಿಂದೆ ಒಂದು ಹಳ್ಳಿ ಹಣ ಕೂಡಿಸಿ ಕಲ್ಲು ಕಡೆಸಿದ್ದು ಅದೇ ಭಾವದಿಂದ.

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಅಂಥದೊಂದು ಕಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ದಂಡು ಏರಿ ಬಂದಾಗ ಕಾದಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರ ಮೇಲಿದೆ. ಬೆಂಗಳೂರಿನ ಅತ್ಯಂತ ಹಳೆಯ ಶಾಸನಗಳಲ್ಲಿ ಅದೂ ಒಂದು. ಕಾಮಗಾರಿಯ ಮಣ್ಣಿನ ನಡುವೆ ಅದನ್ನು ಗುರುತಿಸಿದ ಕಣ್ಣುಗಳು ಇದ್ದವು, ಆದ್ದರಿಂದ ಉಳಿಯಿತು. ಅಂಥದೇ ಕಲ್ಲು ಯಾವುದೋ ಫೈರಿಂಗ್ ರೇಂಜಿನ ಪೊದೆಗಳ ನಡುವೆ ಅಡ್ಡಬಿದ್ದಿದ್ದರೆ? ಕಂದಕ ತೋಡುವ ಹುಡುಗನಿಗೆ ಅದು ಮರೆಗೆ ಒರಗಿಸಿಕೊಳ್ಳಲು ಸಿಕ್ಕ ಒಳ್ಳೆಯ ಚಪ್ಪಡಿ. ಅವನದು ತಪ್ಪಲ್ಲ.

ತೊಂದರೆ ಮಾಡುವುದು ಗುಂಡು, ಟ್ಯಾಂಕು ಮಾತ್ರವಲ್ಲ. ದಂಡು ಪ್ರದೇಶಗಳಲ್ಲಿ ರಸ್ತೆಯಂಚಿನ ಕಲ್ಲುಗಳಿಗೂ ಮರದ ಬುಡಗಳಿಗೂ ಕೆಮ್ಮಣ್ಣು, ಸುಣ್ಣ ಬಳಿಯುವ ವಾಡಿಕೆಯಿದೆ. ಅಚ್ಚುಕಟ್ಟುತನದ ಗುರುತು ಅದು, ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ಶಾಸನ ಓದುವವರು ಕಲ್ಲಿನ ಅಚ್ಚು ಹೇಗೆ ತೆಗೆಯುತ್ತಾರೆಂದು ನೋಡಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೈಗೆ ಅಂಟಿಸಿ, ಗಡುಸಾದ ಬ್ರಷ್ಷಿನಿಂದ ತಟ್ಟುತ್ತಾರೆ. ಕಾಗದ ಅಕ್ಷರದ ಗುಳಿಗಳೊಳಗೆ ಇಳಿದು ಕೂರುತ್ತದೆ. ಮೇಲೆ ಮಸಿಯ ಉಂಡೆಯಿಂದ ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಅಕ್ಷರಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ವರ್ಷವರ್ಷವೂ ಬಳಿದ ಸುಣ್ಣ ಆ ಗುಳಿಗಳಲ್ಲಿ ಗಟ್ಟಿಯಾಗಿ ಕುಳಿತರೆ ಕಾಗದ ಇಳಿಯುವುದಿಲ್ಲ, ‘ನ’ ಯಾವುದು ‘ಸ’ ಯಾವುದು ಎಂದು ತಿಳಿಯುವುದಿಲ್ಲ. ದೇವಸ್ಥಾನಗಳಲ್ಲಿ ನಾವು ನಾಗರಿಕರೇ ಈ ಅನಾಹುತವನ್ನು ಧಾರಾಳವಾಗಿ ಮಾಡಿದ್ದೇವೆ. ಸೇನೆಯ ನೆಲದಲ್ಲಾದರೂ ಒಂದು ಆದೇಶ ಹೊರಟರೆ ಸಾಕು, ಅದು ಪಾಲನೆಯಾಗುತ್ತದೆ. ನಮ್ಮ ಯಾವ ನಗರಸಭೆಗೂ ಇಲ್ಲದ ಶಕ್ತಿ ಅದು.

ಸೇನೆಯ ಬೇಲಿ ಹಳೆಯ ಕುರುಹುಗಳಿಗೆ ಹಾನಿಯನ್ನೇ ಮಾಡುತ್ತದೆ ಎಂದು ನಾನು ವಾದಿಸುತ್ತಿಲ್ಲ. ಅನೇಕ ಕಡೆ ಬೇಲಿಯೇ ಅವನ್ನು ಉಳಿಸಿದೆ. ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲನ್ನೇ ತೆಗೆದುಕೊಳ್ಳಿ. 1897ರಿಂದ ಅಲ್ಲಿಯ ಸರ್ಕಾರ ಸೇನಾ ತರಬೇತಿಗಾಗಿ ಭೂಮಿ ಕೊಳ್ಳುತ್ತ ಬಂದು ಇಂದು ಅದು ಬ್ರಿಟನ್ನಿನ ಅತಿ ದೊಡ್ಡ ತರಬೇತಿ ಪ್ರದೇಶ. ಎರಡು ಸಾವಿರಕ್ಕೂ ಹೆಚ್ಚು ಪ್ರಾಚೀನ ನೆಲೆಗಳು ಅದರೊಳಗಿವೆ: ಸಮಾಧಿ ದಿಬ್ಬಗಳು, ಕೋಟೆಗಳು, ರೋಮನ್ನರ ಕಾಲದ ಹಳ್ಳಿಗಳು, ಹಳೆಯ ಹೊಲಗಳ ಬದುಗಳು. ಬಯಲಿನ ಹೊರಗೆ ನೇಗಿಲು, ಟ್ರ್ಯಾಕ್ಟರುಗಳು ಎಂದೋ ಸಮತಟ್ಟು ಮಾಡಿಬಿಟ್ಟ ದಿಬ್ಬಗಳು ಬಯಲಿನೊಳಗೆ ಇನ್ನೂ ಎದ್ದು ಕಾಣುತ್ತವೆ. ಅಲ್ಲಿ ಟ್ಯಾಂಕುಗಳು ಓಡುತ್ತವೆ, ಫಿರಂಗಿ ಸಿಡಿಯುತ್ತದೆ. ಆದರೂ ದಿಬ್ಬಗಳ ಬಳಿ ‘ಇಲ್ಲಿ ಅಗೆಯಬಾರದು’ ಎಂಬ ಫಲಕಗಳಿವೆ, ನಕ್ಷೆಯಲ್ಲಿ ಗುರುತುಗಳಿವೆ, ಅಲ್ಲಿಯ ರಕ್ಷಣಾ ಸಚಿವಾಲಯ ತನ್ನದೇ ಪುರಾತತ್ವಜ್ಞರನ್ನು ನೇಮಿಸಿಕೊಂಡಿದೆ. 2011ರಲ್ಲಿ ಆ ಪುರಾತತ್ವಜ್ಞರು ‘ಆಪರೇಷನ್ ನೈಟಿಂಗೇಲ್’ ಎಂಬ ಕಾರ್ಯಕ್ರಮ ಆರಂಭಿಸಿ, ಅಫ್ಘಾನಿಸ್ತಾನದಿಂದ ಗಾಯಗೊಂಡು ಬಂದ ಸೈನಿಕರನ್ನು ಉತ್ಖನನಕ್ಕೆ ಸೇರಿಸಿಕೊಂಡರು. ಬ್ಯಾರೋ ಕ್ಲಂಪ್ ಎಂಬ ದಿಬ್ಬದಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಗಳು ಬಿಲ ತೋಡಿ ಹಳೆಯ ಸಮಾಧಿಗಳನ್ನು ಕದಡುತ್ತಿದ್ದವು. ಅಲ್ಲಿ ಈ ಸೈನಿಕರು ಕುಳಿತು ಸಣ್ಣ ಕರಣೆಗಳಿಂದ ಮಣ್ಣು ಸರಿಸಿ ಆಂಗ್ಲೋ-ಸ್ಯಾಕ್ಸನ್ ಕಾಲದವರ ಅಸ್ಥಿಗಳನ್ನು ಹೊರತೆಗೆದರು. ಗಾಯಾಳು ಸೈನಿಕ ಸಾವಿರದೈನೂರು ವರ್ಷ ಹಿಂದಿನ ಮನುಷ್ಯನೊಬ್ಬನ ಮೂಳೆಗಳನ್ನು ಮೆಲ್ಲಗೆ ಎತ್ತುತ್ತಿರುವುದನ್ನು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ.

ಅದೇ ಬಯಲಿನಲ್ಲಿ ಇಂಬರ್ ಎಂಬ ಹಳ್ಳಿಯೂ ಇತ್ತು. 1943ರ ಡಿಸೆಂಬರ್‌ನಲ್ಲಿ ಅದನ್ನು ಖಾಲಿ ಮಾಡಿಸಿದರು. ಯುದ್ಧ ಮುಗಿದ ಮೇಲೂ ಜನ ಮರಳಲು ಆಗಲಿಲ್ಲ. ವರ್ಷದ ಕೆಲವು ದಿನ ಮಾತ್ರ ಅಲ್ಲಿಯ ಇಗರ್ಜಿಯ ಬಾಗಿಲು ಜನರಿಗೆ ತೆರೆಯುತ್ತದೆ. ಬೇಲಿ ದಿಬ್ಬಗಳನ್ನು ಉಳಿಸಿತು, ಊರನ್ನು ಕಳೆಯಿತು. ಎರಡನ್ನೂ ಒಟ್ಟಿಗೇ ನೆನಪಿಡಬೇಕು.

ಗಮನ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1857ರ ದಂಗೆ ಅಡಗಿದ ಮೇಲೆ ಬ್ರಿಟಿಷ್ ಸೈನ್ಯ ದೆಹಲಿಯ ಕೆಂಪುಕೋಟೆಯೊಳಗಿನ ಅರಮನೆಗಳಲ್ಲಿ ಬಹುಪಾಲನ್ನು ಕೆಡವಿ ಬ್ಯಾರಕ್ಕುಗಳನ್ನು ಕಟ್ಟಿತು. ಸ್ವಾತಂತ್ರ್ಯಾನಂತರವೂ ಕೋಟೆಯ ದೊಡ್ಡ ಭಾಗ ಸೇನೆಯ ಬಳಿಯೇ ಇತ್ತು. 2003ರ ಡಿಸೆಂಬರ್‌ನಲ್ಲಿ ನಮ್ಮ ಸೇನೆ ಅದನ್ನು ಪುರಾತತ್ವ ಇಲಾಖೆಗೆ ಬಿಟ್ಟುಕೊಟ್ಟಿತು. 2007ರಲ್ಲಿ ಕೆಂಪುಕೋಟೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಿಟ್ಟುಕೊಟ್ಟದ್ದರಿಂದ ಸೇನೆಯ ಗೌರವಕ್ಕೇನೂ ಕುಂದು ಬರಲಿಲ್ಲ. ಆ ಬ್ಯಾರಕ್ಕುಗಳೇ ಇಂದು ಸಂಗ್ರಹಾಲಯಗಳಾಗಿ ಸುಭಾಷರ ಆಜಾದ್ ಹಿಂದ್ ಫೌಜಿನ ಕಥೆ ಹೇಳುತ್ತಿವೆ.

ಇರಾಕಿನ ಬ್ಯಾಬಿಲೋನಿನಲ್ಲಿ ಆದದ್ದು ಇದಕ್ಕಿಂತ ನೋವಿನದು. 2003ರ ಏಪ್ರಿಲಿನಲ್ಲಿ ಅಮೆರಿಕದ ಪಡೆಗಳು ಆ ಪ್ರಾಚೀನ ನಗರದ ಅವಶೇಷಗಳ ನಡುವೆಯೇ ಶಿಬಿರ ಹೂಡಿದವು, ಆಮೇಲೆ ಪೋಲೆಂಡಿನ ಪಡೆಗಳು ಬಂದವು, 2004ರ ಕೊನೆಯವರೆಗೂ ಶಿಬಿರ ಅಲ್ಲೇ ಇತ್ತು. ಹೆಲಿಕಾಪ್ಟರ್ ಇಳಿಯಲು ನೆಲ ಮಟ್ಟ ಮಾಡಿದರು, ಹೊರಗಿನಿಂದ ಜಲ್ಲಿ ತಂದು ಸುರಿದರು, ಕಂದಕ ತೋಡಿದರು. ಎರಡೂವರೆ ಸಾವಿರ ವರ್ಷಗಳ ಹಿಂದಿನ ನೆಲಹಾಸಿನ ಇಟ್ಟಿಗೆಗಳು ಭಾರಿ ವಾಹನಗಳ ಅಡಿಯಲ್ಲಿ ಪುಡಿಯಾದವು. ಯಾರಿಗೂ ಬ್ಯಾಬಿಲೋನನ್ನು ನಾಶ ಮಾಡುವ ಉದ್ದೇಶವಿರಲಿಲ್ಲ. ಶಿಬಿರ ಎಲ್ಲಿ ಹೂಡಬಾರದು ಎಂದು ತಿಳಿದವರು ಆ ಸೈನ್ಯದೊಳಗೆ ನಿರ್ಧಾರದ ಹೊತ್ತಿಗೆ ಇರಲಿಲ್ಲ, ಅಷ್ಟೇ. ಪಾಠ ಕಲಿತ ಮೇಲೆ, ನ್ಯೂಯಾರ್ಕ್ ರಾಜ್ಯದ ಫೋರ್ಟ್ ಡ್ರಮ್ ಸೇನಾ ನೆಲೆಯ ಪುರಾತತ್ವಜ್ಞೆ ಲಾರಿ ರಶ್ ಮುಂದಾಳತ್ವದಲ್ಲಿ ಸೈನಿಕರಿಗಾಗಿ ಇಸ್ಪೀಟು ಎಲೆಗಳನ್ನು ಅಚ್ಚು ಹಾಕಿಸಿದರು. ಒಂದೊಂದು ಎಲೆಯ ಮೇಲೂ ಒಂದು ಸ್ಮಾರಕದ ಚಿತ್ರ ಅಥವಾ ಅಗೆಯುವ ಮುನ್ನ ಗಮನಿಸಬೇಕಾದ ಒಂದು ಮಾತು. ತರಬೇತಿ ಮೈದಾನದಲ್ಲಿ ನಕಲಿ ಪಾಳು ಗೋಡೆ, ನಕಲಿ ಸ್ಮಶಾನಗಳನ್ನೇ ಕಟ್ಟಿಸಿ, ಇಂಥದ್ದು ಎದುರಾದರೆ ಹೇಗೆ ನಡೆದುಕೊಳ್ಳಬೇಕೆಂದು ಅಭ್ಯಾಸ ಮಾಡಿಸಿದರು. ಬಿಡುವಿನಲ್ಲಿ ಇಸ್ಪೀಟು ಆಡುವ ಸೈನಿಕ ಎಲ್ಲ ದೇಶದಲ್ಲೂ ಇದ್ದಾನೆ. ನಮ್ಮಲ್ಲೂ ಹಂಪೆ, ಸಾಂಚಿ, ಸಾರನಾಥ, ವೀರಗಲ್ಲುಗಳ ಎಲೆಗಳು ಬರಬಹುದು.

ಸಚಿವರೇ, ಇದೆಲ್ಲ ಹೊರಗಿನವರಿಂದ ಕಲಿಯಬೇಕಾದ ಹೊಸ ವಿದ್ಯೆ ಎಂದು ಸೇನೆ ಭಾವಿಸಬಾರದು. ಈ ದೇಶದಲ್ಲಿ ಪುರಾತತ್ವವನ್ನು ಶುರು ಮಾಡಿದವರೇ ಸಮವಸ್ತ್ರ ಹಾಕಿದವರು. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಮದ್ರಾಸ್ ಸೈನ್ಯದ ಎಂಜಿನಿಯರ್. ಭೂಮಿ ಅಳೆಯುತ್ತಲೇ ಊರೂರಿನ ಶಾಸನಗಳ ನಕಲು ಮಾಡಿಸಿದ, ಊರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿ ತರಿಸಿದ. ಆ ಕಟ್ಟುಗಳು ಇಲ್ಲದಿದ್ದರೆ ನಮ್ಮ ಪಾಳೆಯಗಾರರ ಚರಿತ್ರೆ ಅರ್ಧಕ್ಕರ್ಧ ಕತ್ತಲಲ್ಲಿ ಉಳಿಯುತ್ತಿತ್ತು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಕೂಡ ನಿಜಾಮನ ಸೈನ್ಯದ ಅಧಿಕಾರಿ; ರಾಜನ ಕೊಳ್ಳೂರಿನ ಕಲ್ಲುಗೋರಿಗಳನ್ನು ಮೊದಲು ವಿವರವಾಗಿ ಬರೆದಿಟ್ಟವನು ಅವನೇ. 1861ರಲ್ಲಿ ಪುರಾತತ್ವ ಇಲಾಖೆಯ ಹೊಣೆ ಹೊತ್ತ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಬಂಗಾಳದ ಸೈನ್ಯದ ಎಂಜಿನಿಯರ್.

ನಮ್ಮ ಚಿತ್ರದುರ್ಗ ಜಿಲ್ಲೆಗೆ ನೇರ ಸಂಬಂಧವಿರುವ ಇನ್ನೊಬ್ಬರಿದ್ದಾರೆ, ಮಾರ್ಟಿಮರ್ ವೀಲರ್. ಎರಡನೇ ಮಹಾಯುದ್ಧದಲ್ಲಿ ಅವರು ಫಿರಂಗಿ ದಳದ ಅಧಿಕಾರಿ. 1943ರ ಜನವರಿಯಲ್ಲಿ ಲಿಬಿಯಾದ ಟ್ರಿಪೋಲಿ ಮಿತ್ರಪಡೆಗಳ ವಶವಾದಾಗ, ಹತ್ತಿರದ ಲೆಪ್ಟಿಸ್ ಮ್ಯಾಗ್ನಾ ಎಂಬ ರೋಮನ್ ನಗರದ ಅವಶೇಷಗಳ ನಡುವೆ ತಮ್ಮದೇ ವಾಯುಪಡೆ ರೇಡಾರ್ ಕೇಂದ್ರ ಹೂಡಲು ಹೊರಟದ್ದನ್ನು ಅವರು ಕಂಡರು. ತಡೆದರು. ಇನ್ನೊಬ್ಬ ಅಧಿಕಾರಿ ವಾರ್ಡ್-ಪರ್ಕಿನ್ಸ್ ಜೊತೆ ಸೇರಿ ಕಾವಲು ಹಾಕಿಸಿದರು, ಫಲಕಗಳನ್ನು ನೆಡಿಸಿದರು, ಸೈನಿಕರಿಗೆ ಆ ಸ್ಥಳಗಳ ಬಗ್ಗೆ ಉಪನ್ಯಾಸ ಏರ್ಪಡಿಸಿದರು. ಯುದ್ಧ ನಡೆಯುತ್ತಿದ್ದಾಗಲೇ ಇದೆಲ್ಲ ಆಯಿತು. ಮರುವರ್ಷ ಅವರು ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. 1947ರಲ್ಲಿ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿ, ದಕ್ಷಿಣ ಭಾರತದ ಪ್ರಾಚೀನ ಕಾಲಮಾನಕ್ಕೆ ಒಂದು ಗಟ್ಟಿ ಚೌಕಟ್ಟು ಹಾಕಿಕೊಟ್ಟರು. ಯುದ್ಧದ ನಡುವೆ ಒಬ್ಬ ಸೇನಾಧಿಕಾರಿಗೆ ಸಾಧ್ಯವಾದದ್ದು ಶಾಂತಿಯ ಕಾಲದ ತರಬೇತಿ ಮೈದಾನದಲ್ಲಿ ಏಕೆ ಸಾಧ್ಯವಾಗಬಾರದು?

ಅದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಅಮೃತಮಹಲ್ ಕಾವಲಿನಲ್ಲಿ ಕಟ್ಟಿದ ಅದು 2017ರಲ್ಲಿ ಉದ್ಘಾಟನೆಯಾಯಿತು. ಕಾವಲು ಎಂದರೆ ಬರಿಯ ಹುಲ್ಲುಗಾವಲಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯಿಂದ ಬೆಳೆದು, ಹೈದರ್, ಟಿಪ್ಪುವಿನ ಸೈನ್ಯಕ್ಕೆ ಫಿರಂಗಿ ಎಳೆಯುವ ಎತ್ತುಗಳನ್ನು ಕೊಟ್ಟ ನೆಲ ಅದು. ಆ ಎತ್ತುಗಳ ವೇಗವನ್ನು ಶತ್ರುಗಳೂ ಹೊಗಳಿದ್ದರು. ಹಾಗೆ ನೋಡಿದರೆ ನಮ್ಮ ಕಾವಲುಗಳು ಮೊದಲಿನಿಂದಲೂ ಸೈನ್ಯದ ನೆಲವೇ. ದನ ಕಾಯುವವರ ದಾರಿಗಳು, ಅವರ ದೇವರ ಗುಡಿಗಳು, ನೀರಿನ ಕಟ್ಟೆಗಳು ಎಲ್ಲವೂ ಆ ಚರಿತ್ರೆಯ ಭಾಗ. ಅದರ ಅರಿವು ಇರುವುದು ಅಲ್ಲಿ ಕುರಿ, ದನ ಮೇಯಿಸಿದವರಿಗೆ. ಆದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ರಾಷ್ಟ್ರರಕ್ಷಣೆಯ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿಯಿದೆ. ರಹಸ್ಯ ಕಾಪಾಡಲು ವಿನಾಯಿತಿ ಬೇಕಾಗಬಹುದು, ಒಪ್ಪುತ್ತೇನೆ. ಆದರೆ ಅದರಿಂದಾಗಿ ಕುರಿಗಾಹಿಯ ಬಾಯಲ್ಲಿರುವ ಮಾಹಿತಿ ದಾಖಲೆಗೆ ಬರುವ ಒಂದೇ ಒಂದು ದಾರಿಯೂ ಮುಚ್ಚಿಹೋಗುತ್ತದೆ. ಸಮಾಲೋಚನೆ ಇಲ್ಲದಿದ್ದರೆ ಬೇಡ, ಬೇಲಿ ಬೀಳುವ ಮೊದಲು ಒಬ್ಬ ಪುರಾತತ್ವಜ್ಞ ಆ ಊರಿನ ಹಿರಿಯರ ಜೊತೆ ಕಾವಲಿನುದ್ದಕ್ಕೂ ನಡೆದು ನೋಡಿ ಬರೆದುಕೊಳ್ಳುವ ನಿಯಮವನ್ನಾದರೂ ತನ್ನಿ.

ಕಾನೂನಿನ ಮಾತನ್ನೂ ಹೇಳಲೇಬೇಕು. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಆಸ್ತಿಯನ್ನು ರಕ್ಷಿಸುವ 1954ರ ಹೇಗ್ ಒಪ್ಪಂದವನ್ನು ಭಾರತ 1958ರಲ್ಲಿ ಸ್ಥಿರೀಕರಿಸಿತು. ನಮ್ಮ ಪ್ರಾಚೀನ ಸ್ಮಾರಕಗಳ ಕಾಯ್ದೆ ಬಂದದ್ದೂ ಅದೇ ವರ್ಷ. ಆ ಒಪ್ಪಂದದ ಏಳನೆಯ ವಿಧಿ ಎರಡು ಹೊಣೆಗಳನ್ನು ಹೊರಿಸುತ್ತದೆ. ಸಾಂಸ್ಕೃತಿಕ ಆಸ್ತಿಯ ಬಗ್ಗೆ ಗೌರವವನ್ನು ಸೇನಾ ನಿಯಮಾವಳಿಯಲ್ಲೇ ಸೇರಿಸಿ ಸೈನಿಕರಲ್ಲಿ ಬೆಳೆಸಬೇಕು. ಸೇನೆಯ ಒಳಗೇ ಇದಕ್ಕಾಗಿ ವಿಭಾಗಗಳನ್ನು ಅಥವಾ ತಜ್ಞ ಸಿಬ್ಬಂದಿಯನ್ನು ಶಾಂತಿಕಾಲದಲ್ಲಿಯೇ ಸಿದ್ಧಗೊಳಿಸಬೇಕು. ಇದು ಯಾರೋ ಪುರಾತತ್ವಪ್ರೇಮಿ ಕೇಳುತ್ತಿರುವ ಉಪಕಾರವಲ್ಲ. ಈ ದೇಶ ಸಹಿ ಹಾಕಿ ಒಪ್ಪಿಕೊಂಡ ಮಾತು. ಭೂಸೇನೆಯಲ್ಲಿ, ರಕ್ಷಣಾ ಆಸ್ತಿಗಳ ಮಹಾನಿರ್ದೇಶನಾಲಯದಲ್ಲಿ ಈ ಕೆಲಸಕ್ಕೆಂದೇ ನಿಯೋಜಿತರಾದ ಪುರಾತತ್ವಜ್ಞರು ಇರಲಿ. ಪ್ರತಿ ಕಮಾಂಡಿಗೆ ಒಬ್ಬರಿಂದ ಆರಂಭವಾದರೂ ಅದು ದೊಡ್ಡ ಹೆಜ್ಜೆ.

ಸಹಾಯಕ್ಕೆ ಕೈಗಳು ಸಿದ್ಧವಿವೆ. ಪುರಾತತ್ವ ಇಲಾಖೆಯ ಶಾಸನಶಾಖೆಯ ಪ್ರಧಾನ ಕಚೇರಿ ನಮ್ಮ ಮೈಸೂರಿನಲ್ಲಿಯೇ ಇದೆ. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ ನಗರದ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ, ಸವೆದ ಅಕ್ಷರಗಳನ್ನೂ ಓದುವಂತೆ ಮಾಡುತ್ತಿದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಊರು, ಸ್ಥಳಸಮೇತ ಸಾವಿರಾರು ಶಾಸನಗಳ ದಾಖಲೆಯಿದೆ. ಆ ಊರುಗಳ ಪಟ್ಟಿಯನ್ನು ನಿಮ್ಮ ಸರ್ವೆಯ ನಕ್ಷೆಯ ಮೇಲೆ ಇಟ್ಟು ನೋಡಿದರೆ ಯಾವ ಕಲ್ಲನ್ನು ಎಲ್ಲಿ ಹುಡುಕಬೇಕು ಎಂಬುದು ಕೆಲವೇ ವಾರಗಳಲ್ಲಿ ತಿಳಿದುಬಿಡುತ್ತದೆ. ಹುಡುಕುವ ಕೆಲಸವನ್ನು ತರಬೇತಿಯ ಭಾಗವಾಗಿಸಬಹುದು: ನಕ್ಷೆ ಹಿಡಿದು ನೆಲ ಓದುವುದನ್ನು ಕಲಿಯುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದಿದೆ?

ಭದ್ರತೆಯ ಪ್ರಶ್ನೆ ಬರುತ್ತದೆಂದು ಬಲ್ಲೆ. ಮದ್ದುಗುಂಡಿನ ಉಗ್ರಾಣದ ಪಕ್ಕದ ಗುಡಿಗೆ ಜಾತ್ರೆ ಮಾಡಬಿಡಿ ಎಂದು ಯಾರೂ ಕೇಳುವುದಿಲ್ಲ. ಪ್ರಯಾಗದ ಕೋಟೆಯನ್ನು ನೋಡಿ. ಕೌಶಾಂಬಿಯ ಅಧಿಕಾರಿಗಳಿಗೆ ಅಶೋಕ ಬರೆಸಿದ ಆದೇಶ, ಸಮುದ್ರಗುಪ್ತನ ದಿಗ್ವಿಜಯವನ್ನು ಹೇಳುವ, ಕವಿ ಹರಿಷೇಣನ ಪ್ರಶಸ್ತಿ ಎಂಬ ಹೊಗಳಿಕೆಯ ಕಾವ್ಯ, ಜಹಾಂಗೀರನ ವಂಶಾವಳಿ ಮೂರೂ ಒಂದೇ ಕಂಬದ ಮೇಲಿವೆ. ಕೋಟೆ ಸೇನೆಯ ವಶದಲ್ಲಿರುವುದರಿಂದ ಜನಸಾಮಾನ್ಯರು ಆ ಕಂಬದ ಬಳಿಗೆ ಹೋಗುವುದು ಸುಲಭವಲ್ಲ. ಅದೇ ಕೋಟೆಯ ಅಕ್ಷಯವಟವನ್ನು 2019ರಲ್ಲಿ ಭಕ್ತರಿಗೆ ತೆರೆದರು. ಭದ್ರತೆಗೆ ಏನೂ ಆಗಲಿಲ್ಲ. ಆಲದ ಮರಕ್ಕೆ ಸಾಧ್ಯವಾದ ವ್ಯವಸ್ಥೆ ಅಶೋಕನ ಕಂಬಕ್ಕೂ ಆಗಬೇಕು. ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಕೆಂಪೇಗೌಡರ ಗಡಿಗೋಪುರವೂ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಆವರಣದೊಳಗಿದೆ. ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರವನ್ನು ಶಾಲೆಯ ಮಕ್ಕಳೆಲ್ಲ ಕಂಡಿದ್ದಾರೆ, ಹಲಸೂರಿನದನ್ನು ಕಂಡವರು ಬಲು ಕಡಿಮೆ. ವರ್ಷಕ್ಕೆ ನಾಲ್ಕು ದಿನ, ಮೊದಲೇ ಹೆಸರು ಕೊಟ್ಟ ಶಾಲೆಗಳಿಗೆ, ನಿಮ್ಮ ಜವಾನರೇ ಜೊತೆಗಿದ್ದು ತೋರಿಸಲಿ. ಆ ಮಕ್ಕಳಲ್ಲಿ ಕೆಲವರು ಮುಂದೆ ಸೇನೆಗೂ ಸೇರುತ್ತಾರೆ, ಕೆಲವರು ಶಾಸನ ಓದಲೂ ಕಲಿಯುತ್ತಾರೆ.

ಪಟ್ಟಿಯನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ನನ್ನ ಸ್ವಾರ್ಥದ ಉತ್ತರ ಬೆಳಗಾವಿ ಕೋಟೆ. ಕಂದಕದ ಒಳಅಂಚಿನಿಂದ ಹಿಡಿದು ಬ್ಯಾರಕ್ಕುಗಳ ಹಿತ್ತಿಲಿನವರೆಗೆ ಇರುವ ಪ್ರತಿಯೊಂದು ಕೆತ್ತಿದ ಕಲ್ಲಿಗೂ ಒಂದು ಸಂಖ್ಯೆ, ಒಂದು ಫೋಟೊ, ಅಕ್ಷರವಿದ್ದರೆ ಒಂದು ಅಚ್ಚು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆ ಎರಡು ಶಾಸನಗಳ ಪೂರ್ಣ ಗಾತ್ರದ ಪ್ರತಿಕೃತಿಗಳನ್ನು ತರಿಸಿ ಕಮಲ ಬಸದಿಯ ಆವರಣದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಇಂದಿನ ಕನ್ನಡದಲ್ಲಿ ಅವುಗಳ ಸಾರಾಂಶವನ್ನು ಬರೆಸಿ. ಮೂಲವನ್ನು ಮರಳಿ ಕೇಳುವ ಕೆಲಸ ವಿದೇಶಾಂಗ ಮತ್ತು ಸಂಸ್ಕೃತಿ ಸಚಿವಾಲಯಗಳದ್ದು, ಅವರಿಗೂ ಬರೆಯುತ್ತೇನೆ. ಕೋಟೆಯೊಳಗಿನ ಎಣಿಕೆಗೆ ಅನುಮತಿ ಕೊಡುವುದು ನಿಮ್ಮ ಕೈಯಲ್ಲಿದೆ. ಕನ್ನಡ ಶಾಸನ ಓದಬಲ್ಲವರು, ಛಾಯಾಗ್ರಾಹಕರು, ಕಾಲೇಜಿನ ಇತಿಹಾಸ ವಿದ್ಯಾರ್ಥಿಗಳು ಈ ಊರಿನಲ್ಲಿದ್ದಾರೆ. ಗುರುತಿನ ಚೀಟಿ ತೋರಿಸಿ, ನೀವು ಹೇಳಿದ ಹೊತ್ತಿಗೆ ಬಂದು, ನೀವು ಹೇಳಿದ ಜಾಗದಲ್ಲಿ ಮಾತ್ರ ನಿಂತು ಕೆಲಸ ಮಾಡಿ ಹೋಗುವಂಥವರು.

ಈ ಪತ್ರವನ್ನು ಸಾರ್ವಜನಿಕವಾಗಿ ಬರೆದಿದ್ದೇನೆ. ಉತ್ತರವೂ ಸಾರ್ವಜನಿಕವಾಗಿಯೇ ಬರಲಿ ಎಂದು ವಿನಂತಿ. ಅನುಮತಿ ಯಾರಿಂದ ಪಡೆಯಬೇಕು, ಅರ್ಜಿಯನ್ನು ಯಾವ ಕಚೇರಿಗೆ ಕಳುಹಿಸಬೇಕು ಎಂಬ ಎರಡು ಸಾಲು ಬಂದರೂ ಕೆಲಸ ಶುರುವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಬೆಳಗಾವಿಯ ಒಬ್ಬ ನಾಗರಿಕ